ಗ್ಲಾಕೋಮಾಕ್ಕೆ ಕನ್ನಡದಲ್ಲಿ ಏನೆನ್ನೋಣ? ‘ಕಣ್ಣಿನ ಒತ್ತಡ’ ಸಾಕೇ?

ಆತ್ಮೀಯರೇ,

ಕಾಸರಗೋಡಿನ ಬದಿಯಡ್ಕದ ಆಸುಪಾಸಿನ ನೇತ್ರ ತಪಾಸಣಾ ಶಿಬಿರಕ್ಕಾಗಿ ಒಂದು ಕನ್ನಡ ಕರಪತ್ರವನ್ನು ತಿದ್ದುತ್ತಿದ್ದೇನೆ. ‘ಗ್ಲಾಕೋಮಾ’ ಎಂಬ ಪದದ ಹತ್ತಿರ ನಿಂತಿದ್ದೇನೆ. ಅಚ್ಚಾಗುವ ಮೊದಲು ನಿಮ್ಮೆಲ್ಲರ ಅಭಿಪ್ರಾಯ ಬೇಕು.

ಪತ್ರಿಕೆಗಳಲ್ಲಿ ಗ್ಲಾಕೋಮಾ, ಗ್ಲುಕೋಮಾ ಎರಡೂ ಕಾಣುತ್ತವೆ. ಬರಹ ಹೇಗೂ ಇರಲಿ, ನನ್ನ ಚಿಂತೆ ಅರ್ಥದ್ದು. ಮೂಲ ಕರಪತ್ರದಲ್ಲಿ ‘ಕಣ್ಣಿನ ಒತ್ತಡದ ಕಾಯಿಲೆ’ ಎಂದಿದೆ. ತಮಿಳಿನಲ್ಲಿಯೂ ‘ಕಣ್ ಅಳುತ್ತ ನೋಯ್’ ಎಂದೇ ಹೇಳುತ್ತಾರೆ, ಅಂದರೆ ಇದೇ ಅರ್ಥ. ಆದರೆ ನಮ್ಮೂರಲ್ಲಿ ಒತ್ತಡ ಎಂದರೆ ರಕ್ತದೊತ್ತಡ. ನೆರೆಮನೆಯ ದೊಡ್ಡಮ್ಮ ಕರಡನ್ನು ಓದಿ, “ನನಗೆ ಪ್ರೆಷರ್ ಇಲ್ಲ ಮಗ, ಮೊನ್ನೆಯಷ್ಟೇ ನೋಡಿಸಿದ್ದೇನೆ” ಎಂದು ಕಾಗದವನ್ನು ಮಡಚಿ ಕೊಟ್ಟರು. ಅವರ ಅಣ್ಣನಿಗೆ ಈ ರೋಗದಿಂದಲೇ ಒಂದು ಕಣ್ಣು ಹೋಗಿದೆ. ಒಡಹುಟ್ಟಿದವರಲ್ಲಿ ಇದ್ದರೆ ತಮಗೂ ಬರುವ ಸಾಧ್ಯತೆ ಹೆಚ್ಚು, ಹಾಗಾಗಿ ಎಲ್ಲರಿಗಿಂತ ಮೊದಲು ತಪಾಸಣೆಗೆ ಹೋಗಬೇಕಾದವರೇ ಅವರು.

‘ಒತ್ತಡ’ಕ್ಕೆ ಇನ್ನೊಂದು ತೊಡಕೂ ಇದೆ. ಕಣ್ಣಿನೊಳಗೆ ಸದಾ ಒಸರುವ ತಿಳಿನೀರು ಕಣ್ಣಿನ ಮುಂದಿನ ಪಾರದರ್ಶಕ ಪಟಲ (ಕಾರ್ನಿಯಾ) ಮತ್ತು ಅದರ ಹಿಂದಿನ ಬಣ್ಣದ ಪಟಲದ (ಐರಿಸ್) ಅಂಚಿನ ನಡುವಿನ ಕೋನದಲ್ಲಿ ಜರಡಿಯಂಥ ಜಾಲದ ಮೂಲಕ ಹೊರಗೆ ಹರಿಯಬೇಕು. ಹರಿವಿಗೆ ಅಡ್ಡಿಯಾದರೆ ಒಳಗಿನ ಒತ್ತಡ ಏರಿ ದೃಷ್ಟಿನರ ಹಾಳಾಗುತ್ತದೆ. ಸಾಮಾನ್ಯವಾಗಿ ಈ ಒತ್ತಡ 10ರಿಂದ 21 ಮಿಲಿಮೀಟರ್ ಪಾದರಸದಷ್ಟು. ಆದರೆ ಅದರೊಳಗೇ ಇದ್ದರೂ ಕೆಲವರ ನರ ಸವೆಯುತ್ತದೆ. ಅಂಥವರಿಗೂ ಒತ್ತಡ ಇಳಿಸುವ ಮದ್ದನ್ನೇ ಕೊಡುತ್ತಾರೆ. ಹೀಗಿರುವಾಗ ಒತ್ತಡವನ್ನೇ ರೋಗದ ಹೆಸರಾಗಿಸಿದರೆ, “ಒತ್ತಡ ನಾರ್ಮಲ್ ಇದೆ” ಎಂದು ಕೇಳಿದವರು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾರೆ. ಒತ್ತಡ ಅಳೆದರಷ್ಟೇ ಸಾಲದು, ನರದ ತುದಿಯನ್ನೂ ನೋಟದ ಹರವನ್ನೂ ಪರೀಕ್ಷಿಸಬೇಕು.

‘ಪೊರೆ’ಯ ಜತೆಗಿನ ಗೊಂದಲ ಇದಕ್ಕಿಂತ ಅಪಾಯದ್ದು. ಮಲಯಾಳದ ಫಲಕಗಳಲ್ಲಿ ಕಾಣುವ ‘ತಿಮಿರಂ’ ಕಣ್ಣಿನ ಪೊರೆಯೇ, ಕನ್ನಡದ ತಿಮಿರವೋ ಕತ್ತಲೆ. ಹಾಗಾಗಿ ಕಣ್ಣು ಮಂಜಾದರೆ, ಕತ್ತಲೆಗಟ್ಟಿದರೆ, ಎಲ್ಲವೂ ಪೊರೆ ಎಂದೇ ಜನರ ತೀರ್ಮಾನ. ಪೊರೆ ಬಲಿಯಲಿ, ಅಡಿಕೆ ಕೊಯ್ಲು ಮುಗಿಯಲಿ, ಆಮೇಲೆ ಮಂಗಳೂರಿಗೆ ಹೋಗೋಣ ಎನ್ನುತ್ತಾರೆ. ಪೊರೆಯಾದರೆ ತಡವಾಗಿ ತೆಗೆಸಿದರೂ ಸಾಮಾನ್ಯವಾಗಿ ದೃಷ್ಟಿ ಮರಳುತ್ತದೆ. ಗ್ಲಾಕೋಮಾದಲ್ಲಿ ಹೋದದ್ದು ಹೋಯಿತು. ಅದೂ ಹೆಚ್ಚಾಗಿ ಅಂಚಿನಿಂದ ಹೋಗುತ್ತದೆ, ಒಂದು ಕಣ್ಣಿಗೆ ಕಾಣದ್ದನ್ನು ಇನ್ನೊಂದು ತುಂಬಿಕೊಡುತ್ತದೆ. ಪಕ್ಕದಲ್ಲಿ ಬರುವ ಸ್ಕೂಟರ್ ಕಾಣದವರೂ ಎದುರಿಗೆ ಹಿಡಿದ ಪತ್ರಿಕೆಯನ್ನು ಸಲೀಸಾಗಿ ಓದುತ್ತಾರೆ.

ಸಂಸ್ಕೃತದ ‘ಅಧಿಮಂಥ’ವನ್ನು ಬಳಸಬಹುದೆಂದು ಹಿರಿಯರೊಬ್ಬರು ಸೂಚಿಸಿದ್ದಾರೆ. ಸುಶ್ರುತ ಸಂಹಿತೆಯ ಪದ, ಕಣ್ಣನ್ನು ಕಡೆದಂಥ ನೋವು ಎಂಬ ಚಿತ್ರ ಅದರಲ್ಲಿದೆ. ಕೋನ ಥಟ್ಟನೆ ಮುಚ್ಚಿಕೊಂಡಾಗಿನ ಸ್ಥಿತಿಗೆ ಇದು ಚೆನ್ನಾಗಿ ಹೊಂದುತ್ತದೆ: ತೀವ್ರ ನೋವು, ಕೆಂಪು ಕಣ್ಣು, ವಾಂತಿ, ದೀಪದ ಸುತ್ತ ಬಣ್ಣದ ಬಳೆಗಳು. ಆಗ ತಲೆನೋವಿನ ಮಾತ್ರೆ ನುಂಗಿ ಮಲಗದೆ ಕೂಡಲೇ ಆಸ್ಪತ್ರೆಗೆ ಓಡಬೇಕು. ಆದರೆ ಹೆಚ್ಚು ಜನರನ್ನು ಕಾಡುವುದು ನೋವೇ ಇಲ್ಲದ ಬಗೆ. ನೋವಿನ ಹೆಸರಿಟ್ಟರೆ ನೋವಿಲ್ಲದವರು ಬರುವುದಿಲ್ಲ.

ಮರಾಠಿಯಲ್ಲಿ ‘ಕಾಚಬಿಂದು’, ತೆಲುಗಿನಲ್ಲಿ ‘ನೀಟಿಕಾಸುಲು’ ಇವೆ. ಜತ್ತ, ಅಕ್ಕಲಕೋಟೆ, ರಾಯದುರ್ಗ, ಆದವಾನಿ ಕಡೆಯ ಸದಸ್ಯರು ದಯವಿಟ್ಟು ತಿಳಿಸಿ: ಅಲ್ಲಿನ ಕನ್ನಡಿಗರು ಈ ಪದಗಳನ್ನೇ ಆಡುತ್ತಾರೆಯೇ, ಬೇರೆ ಮನೆಮಾತು ಇದೆಯೇ?

ನನ್ನ ಒಲವು ಹೀಗಿದೆ. ಹೆಸರು ‘ಗ್ಲಾಕೋಮಾ’ ಎಂದೇ ಇರಲಿ, ವೈದ್ಯರು ಆಡುವ ಪದ ಅದೇ. ಅದರ ಪಕ್ಕದಲ್ಲಿ ‘ಕಣ್ಣಿನ ನರ ಸವೆತ’ ಎಂದು ಬರೆಯೋಣ. ಮೊಣಗಂಟಿನ ಸವೆತ ಎಂದು ಎಲ್ಲರೂ ಹೇಳುತ್ತಾರಲ್ಲ, ಸವೆದದ್ದು ಮರಳಿ ತುಂಬುವುದಿಲ್ಲ ಎಂಬುದು ಆ ಪದದಲ್ಲೇ ಇದೆ. ಥಟ್ಟನೆ ಬರುವ ಬಗೆಗೆ ಇದು ಒಪ್ಪುವುದಿಲ್ಲ ಎಂಬ ಆಕ್ಷೇಪ ಸರಿಯೇ, ಅದನ್ನು ಬೇರೆ ವಾಕ್ಯದಲ್ಲಿ ಎಚ್ಚರಿಸಬೇಕು.

ಕರಪತ್ರದ ‘ಚಿಕಿತ್ಸೆಯಿಂದ ಗುಣಪಡಿಸಬಹುದು’ ಎಂಬ ಮಾತನ್ನು ಮಾತ್ರ ನಾನು ಖಂಡಿತ ತೆಗೆಯುತ್ತೇನೆ. ಹನಿಮದ್ದು, ಲೇಸರ್, ಶಸ್ತ್ರಚಿಕಿತ್ಸೆ, ಯಾವುದೇ ಇರಲಿ, ಅವು ಉಳಿದ ದೃಷ್ಟಿಯನ್ನು ಕಾಯುತ್ತವೆ. ‘ಗುಣ’ ಎಂದು ಓದಿದವರು ಒಂದು ಸೀಸೆ ಮುಗಿದ ಮೇಲೆ, ಕಣ್ಣು ಮೊದಲಿನಂತಾಗಲಿಲ್ಲವೆಂದು ಮದ್ದನ್ನೇ ಬಿಟ್ಟುಬಿಡುತ್ತಾರೆ. ‘ಹತೋಟಿಯಲ್ಲಿಡಬಹುದು, ಮದ್ದು ನಿಲ್ಲಿಸಬಾರದು’ ಎಂದರೆ ಹೇಗೆ? ಇನ್ನೂ ಒಂದು ಸಂದೇಹ: ಕಣ್ಣಿನೊಳಗಿನ ತಿಳಿನೀರಿಗೆ ಬರಿಯ ‘ನೀರು’ ಎಂದರೆ ಕಣ್ಣೀರು ಸುರಿಯುವ ರೋಗ ಎಂದುಕೊಳ್ಳುತ್ತಾರೆ, ‘ನೇತ್ರದ್ರವ’ ಎಂದರೆ ಓದದೆ ದಾಟುತ್ತಾರೆ. ಇದಕ್ಕೆ ಒಳ್ಳೆಯ ಪದ ಯಾರಿಗಾದರೂ ಹೊಳೆದರೆ ಬರೆಯಿರಿ.