ಅಪ್ಪ ಅಮ್ಮ ಕೊಟ್ಟ ದುಡ್ಡು ಯಾವ ಶಾಲೆಗೆ ಸೇರಬೇಕು?

ಗುಂಪು: ತಿಪಟೂರು ಮನೆಯವರು (ಅರುಣ್, ಅವನ ಹೆಂಡತಿ ಸಂಧ್ಯಾ, ವೀಣಾ ಕ್ಯಾಲಿಫೋರ್ನಿಯಾದಲ್ಲಿ; ಕಿರಣ್ ಬೆಂಗಳೂರಿನಲ್ಲಿ; ದೊಡ್ಡಪ್ಪ ಊರಿನಲ್ಲಿ)

ಅರುಣ್: (ಫಾರ್ವರ್ಡ್) ಪೋಷಕರ ಗಮನಕ್ಕೆ. ಶಿಕ್ಷಕರು ಮತ್ತು ಸಹಾಯಕರ ಸಂಬಳಕ್ಕೆಂದು ಪಿಟಿಎಗಳು (ಪೋಷಕ–ಶಿಕ್ಷಕರ ಸಂಘಗಳು) ಎತ್ತುವ ಹಣ ಮುಂದಿನ ವರ್ಷದಿಂದ, ಒಂದೇ ಬೋರ್ಡ್ ನಡೆಸುವ ನಮ್ಮ ಎಲ್ಲ ಶಾಲೆಗಳು ಸೇರಿದ ಸ್ಕೂಲ್ ಡಿಸ್ಟ್ರಿಕ್ಟ್‌ನ ಒಂದೇ ಫೌಂಡೇಶನ್‌ಗೆ ಸೇರಬೇಕು. ಅಲ್ಲಿಂದ ಮಕ್ಕಳ ಸಂಖ್ಯೆಗೆ ತಕ್ಕಂತೆ ಎಲ್ಲ ಶಾಲೆಗಳಿಗೂ ಹಂಚಲಾಗುತ್ತದೆ. ಪ್ರವಾಸ, ಆಟದ ಸಾಮಾನು, ಶಾಲೆಯ ಕಾರ್ಯಕ್ರಮಗಳಿಗೆ ಎತ್ತುವ ಹಣ ಆಯಾ ಶಾಲೆಯಲ್ಲೇ ಉಳಿಯಬಹುದು. ಈ ಕರಡು ನಿಯಮದ ಬಗ್ಗೆ ಗುರುವಾರ ಸಂಜೆ ಬೋರ್ಡ್ ಸಭೆ.

ಅರುಣ್: ವೀಣಾ, ನೋಡಿದೆಯಾ ಇದನ್ನ? ನಾವು ಕಷ್ಟಪಟ್ಟು ಎತ್ತಿದ ದುಡ್ಡನ್ನು ಡಿಸ್ಟ್ರಿಕ್ಟ್‌ನವರು ತೆಗೆದುಕೊಂಡು ಹೋಗುತ್ತಾರಂತೆ. ವಿರೋಧಿಸಿ ಒಂದು ಅರ್ಜಿ ಮಾಡಿದ್ದೇವೆ, ಲಿಂಕ್ ಕಳಿಸುತ್ತೇನೆ. ನಿಮ್ಮಿಬ್ಬರ ಸಹಿ ಬೇಕು.

ವೀಣಾ: ನೋಡಿದೆ ಅಣ್ಣ. ನಾನು ಸಹಿ ಹಾಕುವುದಿಲ್ಲ. ನನಗೆ ಈ ನಿಯಮ ಬೇಕು.

ಕಿರಣ್: ಒಂದು ನಿಮಿಷ, ಬೆಂಗಳೂರಿನಲ್ಲಿ ಕೂತ ನನಗೆ ಅರ್ಥವಾಗುವ ಹಾಗೆ ಹೇಳಿ. ಅದು ಸರ್ಕಾರಿ ಶಾಲೆ ಅಲ್ವಾ? ಪೋಷಕರು ಯಾಕೆ ಟೀಚರ್ ಸಂಬಳ ಕೊಡಬೇಕು?

ವೀಣಾ: ಸರ್ಕಾರಿ ಶಾಲೆಯೇ ಕಣೋ. 1978ರಲ್ಲಿ ಕ್ಯಾಲಿಫೋರ್ನಿಯಾದ ಜನ ಪ್ರಾಪೊಸಿಷನ್ 13 ಅಂತ ಒಂದಕ್ಕೆ ಓಟು ಹಾಕಿದರು. ಮನೆ ಕಂದಾಯ ಕೊಂಡ ಬೆಲೆಯ ಶೇಕಡಾ 1ಕ್ಕಿಂತ ಜಾಸ್ತಿ ಇರಬಾರದು, ಆ ಬೆಲೆಯನ್ನು ವರ್ಷಕ್ಕೆ ಶೇಕಡಾ 2ಕ್ಕಿಂತ ಜಾಸ್ತಿ ಏರಿಸಬಾರದು ಅಂತ. ಶಾಲೆಗಳು ಹೆಚ್ಚಾಗಿ ನಡೆಯುತ್ತಿದ್ದದ್ದು ಆ ಕಂದಾಯದಿಂದ. ಹಣ ಕಡಿಮೆಯಾದಾಗ ಆರ್ಟ್, ಮ್ಯೂಸಿಕ್, ಲೈಬ್ರರಿಗೆ ಮೊದಲು ಕತ್ತರಿ ಬಿತ್ತು. ಅದನ್ನು ತುಂಬಿಸಲು ಪೋಷಕರು ಕೈಯಿಂದ ಹಾಕತೊಡಗಿದರು. ಕೈಯಲ್ಲಿ ಇದ್ದವರ ಶಾಲೆಗೆ ಬಂತು, ಇಲ್ಲದವರ ಶಾಲೆಗೆ ಬರಲಿಲ್ಲ.

ಅರುಣ್: ಅಷ್ಟೇ ಹೇಳಿದರೆ ಅರ್ಧ ಕಥೆ. ಶಾಲೆಗಳಿಗೆ ಹಣ ಹಂಚುವ 2013ರ ಹೊಸ ಫಾರ್ಮುಲಾ ಪ್ರಕಾರ ಬಡ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿಗೆ ರಾಜ್ಯ ತಲಾ ಶೇಕಡಾ 20 ಹೆಚ್ಚುವರಿ ಕೊಡುತ್ತದೆ. ಮೇಲೆ ಬಡ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಕೇಂದ್ರ ಕೊಡುವ ಟೈಟಲ್ ಒನ್ ಹಣ ಬೇರೆ. ನಮ್ಮ ಗುಡ್ಡದ ಮೇಲಿನ ಶಾಲೆಗೆ ಅದು ಹೆಚ್ಚೇನೂ ಬರುವುದಿಲ್ಲ. ನಾವು ವಾಕಥಾನ್ (ಮಕ್ಕಳು ನಡೆದ ಸುತ್ತುಗಳ ಲೆಕ್ಕದಲ್ಲಿ ಸ್ಪಾನ್ಸರ್‌ಗಳಿಂದ ದುಡ್ಡು ಎತ್ತುವುದು) ಮಾಡದಿದ್ದರೆ ನಮ್ಮ ಮಕ್ಕಳಿಗೆ ಆರ್ಟ್ ಟೀಚರ್ ಇಲ್ಲ.

ಸಂಧ್ಯಾ: ವೀಣಾ, ಆ ವಾಕಥಾನ್ ಸುಮ್ನೆ ಆಗುವುದಿಲ್ಲ. ಎರಡು ತಿಂಗಳು ಮನೆ ಕೆಲಸ ಬಿಟ್ಟು ಅಂಗಡಿ ಅಂಗಡಿ ಅಲೆದು ಸ್ಪಾನ್ಸರ್ ಹಿಡಿದಿದ್ದೇವೆ. ರಾತ್ರಿ ಕೂತು ಪ್ರತಿ ಮಗುವಿನ ಲ್ಯಾಪ್ ಕಾರ್ಡ್ ಎಣಿಸಿದ್ದೇವೆ. ಯಾರದೋ ಶಾಲೆಗೆ ಅಂದರೆ ಮುಂದಿನ ಸಲ ಯಾರು ಬರುತ್ತಾರೆ ಹೇಳು.

ವೀಣಾ: ಅತ್ತಿಗೆ, ನಿಮ್ಮ ಕೆಲಸವನ್ನು ನಾನು ಕಡಿಮೆ ಮಾಡಿ ಮಾತಾಡುತ್ತಿಲ್ಲ. ಅಷ್ಟು ದುಡಿಯುವವರು ಇರುವುದರಿಂದಲೇ ಆ ಶಾಲೆ ಹಾಗಿದೆ. ಆದರೆ ನಮ್ಮ ಶಾಲೆಗೆ ಬಂದು ಲೈಬ್ರರಿ ಬಾಗಿಲು ನೋಡಿ. «ಮಂಗಳವಾರ, ಗುರುವಾರ ಮಾತ್ರ» ಅಂತ ಚೀಟಿ ಅಂಟಿಸಿದ್ದಾರೆ. ಉಳಿದ ದಿನ ಲೈಟ್ ಆಫ್. ಮಗಳು ತಂದ ಪುಸ್ತಕವನ್ನು ಒಂದೇ ರಾತ್ರಿ ಓದಿ ಮುಗಿಸಿ, ಬೇರೆಯದಕ್ಕೆ ಮಂಗಳವಾರದ ತನಕ ಕಾಯುತ್ತಾಳೆ. ನಿಮ್ಮ ಶಾಲೆಯದು ಐದೂ ದಿನ ತೆರೆದಿರುತ್ತದೆ, ಯಾಕಂದರೆ ಲೈಬ್ರರಿ ಸಹಾಯಕರಿಗೆ ಪಿಟಿಎ ಸಂಬಳ ಕೊಡುತ್ತದೆ. ಡಿಸ್ಟ್ರಿಕ್ಟ್ ಒಂದೇ, ಬೋರ್ಡ್ ಒಂದೇ. ನಡುವೆ ಇರುವುದು ಒಂದು ಫ್ರೀವೇ.

ಅರುಣ್: ಹಾಗಾದರೆ ನಿಮ್ಮ ಪಿಟಿಎಯೂ ಎತ್ತಲಿ. ಬೇಡ ಅಂದವರು ಯಾರು?

ವೀಣಾ: ಎತ್ತುತ್ತಿದ್ದೇವೆ ಅಣ್ಣ. ನಮ್ಮಲ್ಲಿ ತಾಯಂದಿರು ಮನೆಯಲ್ಲಿ ತಮಾಲೆ (ಜೋಳದ ಹಿಟ್ಟಿನ ಮೆಕ್ಸಿಕನ್ ತಿಂಡಿ) ಮಾಡಿ ತಂದು ಮಾರಿದರು. ದಿನವಿಡೀ ನಿಂತರು. ಬಂದದ್ದು ಒಂದು ಫೀಲ್ಡ್ ಟ್ರಿಪ್‌ನ ಬಸ್ಸಿಗೆ ಆಯಿತು. ನೀನು ಒಂದು ಡಾಲರ್ ಹಾಕಿದರೆ ನಿನ್ನ ಕಂಪನಿ ಇನ್ನೊಂದು ಡಾಲರ್ ಸೇರಿಸುತ್ತದೆ. ನೀನು ಶಾಲೆಯಲ್ಲಿ ಸ್ವಯಂಸೇವೆ ಮಾಡಿದ ಗಂಟೆಗೂ ದುಡ್ಡು ಕೊಡುತ್ತದೆ. ನಮ್ಮಲ್ಲಿ ಜಾಸ್ತಿ ಜನ ಆಫೀಸು ಕ್ಲೀನ್ ಮಾಡುವವರು, ಹೋಟೆಲ್ ಅಡುಗೆಮನೆಯವರು, ಡೆಲಿವರಿ ಮಾಡುವವರು. ಅವರ ಮಾಲೀಕರು ಯಾರೂ ಮ್ಯಾಚಿಂಗ್ ಕೊಡುವುದಿಲ್ಲ. ಅವರೂ ಅಷ್ಟೇ ದುಡಿದಿದ್ದಾರೆ, ದುಡ್ಡು ಮಾತ್ರ ಅಷ್ಟು ಬರಲಿಲ್ಲ.

ಇನ್ನೊಂದು ಮಾತು. ಕೊಟ್ಟ ಹಣಕ್ಕೆ ನೀನು ತೆರಿಗೆ ವಿನಾಯಿತಿ ತೆಗೆದುಕೊಳ್ಳುತ್ತೀಯ, ಅಲ್ವಾ? ಅಂದರೆ ಆ ಹಣದಲ್ಲಿ ಎಲ್ಲರ ಪಾಲೂ ಇದೆ.

ಕಿರಣ್: ಅಣ್ಣ, ಕೊಡದಿದ್ದರೆ ಏನಾಗುತ್ತದೆ? ಮಗುವಿಗೆ ತೊಂದರೆ ಮಾಡುತ್ತಾರಾ?

ಅರುಣ್: ಇಲ್ಲಪ್ಪ, ಪೂರ್ತಿ ಅವರವರ ಇಷ್ಟ. ಕಾನೂನೇ ಹಾಗಿದೆ.

ವೀಣಾ: ಕಾನೂನು ಹಾಗಿದೆ, ನಿಜ. 1984ರಲ್ಲಿ ಹಾರ್ಟ್‌ಜೆಲ್ ಕೇಸಿನಲ್ಲಿ ಈ ರಾಜ್ಯದ ಸುಪ್ರೀಂ ಕೋರ್ಟ್ ನಾಟಕ, ಆಟ, ಸಂಗೀತಕ್ಕೂ ಶಾಲೆ ಫೀಸ್ ಕೇಳಬಾರದು ಅಂದಿತು. 2013ರಿಂದ ಜಾರಿಯಾದ ಕಾನೂನಿನ ಪ್ರಕಾರ ಯಾರಾದರೂ ಕಡ್ಡಾಯ ಅಂದರೆ ಪೋಷಕರು ದೂರು ಕೊಡಬಹುದು, ಹೆಸರು ಹೇಳದೆಯೂ ಕೊಡಬಹುದು. ಆದರೆ ಹೊಸದಾಗಿ ಬಂದವರಿಗೆ ಇದು ಯಾರು ಹೇಳುತ್ತಾರೆ? ನಿಮ್ಮ ಶಾಲೆಯ ಶುಕ್ರವಾರದ ಫೋಲ್ಡರ್‌ನಲ್ಲಿ ಬರುವ ಗುಲಾಬಿ ಕಾಗದ ನೋಡಿದ್ದೇನೆ. «ಪ್ರತಿ ಮಗುವಿಗೆ ಸೂಚಿಸಿದ ಕೊಡುಗೆ 900 ಡಾಲರ್». ಆಫೀಸಿನ ಗೋಡೆಯಲ್ಲಿ ಯಾವ ಕ್ಲಾಸಿನಲ್ಲಿ ಶೇಕಡಾ ಎಷ್ಟು ಮನೆ ಕೊಟ್ಟಿದೆ ಅಂತ ಚಾರ್ಟ್. ಹುಬ್ಬಳ್ಳಿಯಿಂದ ಬಂದ ಒಬ್ಬಳು ಹುಡುಗಿ ಆ ಕಾಗದ ಹಿಡಿದುಕೊಂಡು ನನ್ನ ಹತ್ತಿರ ಬಂದಿದ್ದಳು. ಗಂಡನದು ಹೆಚ್-1ಬಿ ವೀಸಾ, ಇವಳಿಗೆ ಇನ್ನೂ ಕೆಲಸ ಮಾಡುವ ಅನುಮತಿ ಇಲ್ಲ. «ಅಕ್ಕ, ಇದು ಫೀಸಾ? ಕಂತಿನಲ್ಲಿ ಕಟ್ಟಬಹುದಾ?» ಅಂತ ಕೇಳಿದಳು. ಕಟ್ಟಲೇಬೇಕಿಲ್ಲ ಅಂದರೂ ನಂಬಲಿಲ್ಲ. «ನಮ್ಮಿಂದ ಕ್ಲಾಸಿಗೆ ಕೆಟ್ಟ ಹೆಸರು ಬರುತ್ತದಲ್ಲ» ಅಂದಳು. ನನಗೆ ಹೊಟ್ಟೆ ಉರಿದುಹೋಯಿತು.

ಸಂಧ್ಯಾ: ಆ ಚಾರ್ಟ್ ನನಗೂ ಇಷ್ಟ ಇಲ್ಲ. ಮೀಟಿಂಗಿನಲ್ಲಿ ಹೇಳಿದ್ದೇನೆ, ಬೇಕಾದರೆ ಮಿನಿಟ್ಸ್ ತೋರಿಸುತ್ತೇನೆ.

ಅರುಣ್: ಚಾರ್ಟ್ ತೆಗೆಸೋಣ, ಒಪ್ಪಿದೆ. ಆದರೆ ಈ ನಿಯಮ ಬಂದರೆ ಒಟ್ಟು ಹಣವೇ ಕಡಿಮೆಯಾಗುತ್ತದೆ. ಸಾಂಟಾ ಮೋನಿಕಾ–ಮಾಲಿಬು ನೋಡು, ಎರಡು ಊರು ಸೇರಿದ ಡಿಸ್ಟ್ರಿಕ್ಟ್. 2011ರಲ್ಲಿ ಅಲ್ಲಿನ ಬೋರ್ಡ್ ಇಂಥದ್ದೇ ನಿಯಮ ತಂದಿತು. ಮಾಲಿಬು ಪೋಷಕರು ಎಷ್ಟು ಸಿಟ್ಟಾದರು ಅಂದರೆ ನಮಗೆ ಬೇರೆ ಡಿಸ್ಟ್ರಿಕ್ಟ್ ಕೊಡಿ ಅಂತ ಕೂತರು. ಇಲ್ಲೂ ಜನ ಪ್ರೈವೇಟ್ ಶಾಲೆಗೆ ಹೋಗುತ್ತಾರೆ. ಒಬ್ಬೊಬ್ಬ ಮಗು ಬಿಟ್ಟು ಹೋದಾಗಲೂ ಡಿಸ್ಟ್ರಿಕ್ಟ್‌ಗೆ ರಾಜ್ಯದಿಂದ ಬರುವ ಹಣ ಕಡಿಮೆಯಾಗುತ್ತದೆ.

ವೀಣಾ: ಮಾಲಿಬುವಿನವರಿಗೆ ಬೇರೆ ಕಾರಣಗಳೂ ಇದ್ದವು. ಸಾಂಟಾ ಮೋನಿಕಾದಿಂದ ದೂರ, ಬೋರ್ಡಿನಲ್ಲಿ ತಮ್ಮ ಮಾತು ನಡೆಯುವುದಿಲ್ಲ ಅನ್ನುವ ಬೇಸರ. 2013ರಲ್ಲಿ ಅಲ್ಲಿನ ಶಾಲೆ ಕಟ್ಟಡಗಳಲ್ಲಿ ಪಿಸಿಬಿ ಅನ್ನುವ ವಿಷ ರಾಸಾಯನಿಕ ಸಿಕ್ಕಿದ ಗಲಾಟೆ ಬೇರೆ. ಎಲ್ಲವನ್ನೂ ಈ ನಿಯಮದ ತಲೆಗೆ ಕಟ್ಟಬೇಡ. ಇಲ್ಲೇ ಪಕ್ಕದ ಪಾಲೋ ಆಲ್ಟೋ ನೋಡು. ಸಂಬಳದ ಹಣವನ್ನು ಇಡೀ ಡಿಸ್ಟ್ರಿಕ್ಟ್‌ಗೆ ಒಂದೇ ಫೌಂಡೇಶನ್ ಎತ್ತುತ್ತದೆ, ಎಲ್ಲ ಶಾಲೆಗೂ ಹಂಚುತ್ತದೆ. ಅಲ್ಲಿ ಜನ ಕೊಡುವುದು ಬಿಟ್ಟಿದ್ದಾರಾ?

ಅರುಣ್: ಪಾಲೋ ಆಲ್ಟೋದಲ್ಲಿ ಎಲ್ಲರೂ ಅನುಕೂಲಸ್ಥರು. ನಮ್ಮದರ ಜೊತೆ ಹೋಲಿಸಬೇಡ.

ವೀಣಾ: ಒಪ್ಪಿದೆ, ನಮ್ಮಲ್ಲಿ ಮೊದಮೊದಲು ಸ್ವಲ್ಪ ಕಡಿಮೆ ಬರಬಹುದು. ಬಂದಷ್ಟು ಎಲ್ಲ ಮಕ್ಕಳಿಗೂ ಹೋಗಲಿ.

ದೊಡ್ಡಪ್ಪ: ಇಬ್ಬರ ಮಾತನ್ನೂ ಓದಿದೆ. ನಾನು ಮೇಷ್ಟ್ರಾಗಿ ಕಂಡದ್ದು ಹೇಳುತ್ತೇನೆ. ನಮ್ಮ ಶಾಲೆಗೂ ಊರಿನವರು ಕೊಡುತ್ತಿದ್ದರು. ಬೀರುವಿನ ಬಾಗಿಲ ಮೇಲೆ, ಫ್ಯಾನಿನ ರೆಕ್ಕೆಯ ಮೇಲೆ ದಾನಿಗಳ ಹೆಸರು ಬರೆಸುತ್ತಿದ್ದೆವು. ಕೊಬ್ಬರಿಗೆ ಒಳ್ಳೆ ರೇಟು ಬಂದ ವರ್ಷ ಫ್ಯಾನು ಜಾಸ್ತಿ. ಆದರೆ ಮೇಷ್ಟ್ರ ಸಂಬಳ ಸರ್ಕಾರದ್ದು. ಸಾಹುಕಾರರ ಊರಿಗೆ ಇಬ್ಬರು ಮೇಷ್ಟ್ರು ಹೆಚ್ಚು, ಕೂಲಿಯವರ ಹಟ್ಟಿಗೆ ಕಡಿಮೆ ಅಂತ ದಾನದ ಮೇಲೆ ತೀರ್ಮಾನ ಆಗುತ್ತಿರಲಿಲ್ಲ.

2022ರ ಅಕ್ಟೋಬರ್‌ನಲ್ಲಿ ಇಲ್ಲೂ ಒಂದು ಸುತ್ತೋಲೆ ಬಂದಿತ್ತು. ಎಸ್‌ಡಿಎಂಸಿಯವರು ಪೋಷಕರಿಂದ ತಿಂಗಳಿಗೆ 100 ರೂಪಾಯಿ ತೆಗೆದುಕೊಳ್ಳಬಹುದು, ಬಲವಂತ ಇಲ್ಲ ಅಂತ. ವಿರೋಧ ಬಂದು ಕೆಲವೇ ದಿನಗಳಲ್ಲಿ ವಾಪಸ್ ಪಡೆದರು. ಒಳ್ಳೆಯದಾಯಿತು. ಬಲವಂತ ಇಲ್ಲ ಅಂತ ಬರೆದರೂ, ಕೊಡದವರ ಹೆಸರು ಒಂದು ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಮಗು ಕ್ಲಾಸಿನಲ್ಲಿ ತಲೆ ತಗ್ಗಿಸಿ ಕೂರುತ್ತದೆ. ಅದನ್ನು ನಾನು ಬಹಳ ನೋಡಿದ್ದೇನೆ.

ಅರುಣ್: ಅಪ್ಪ, ಹಾಗಾದರೆ ನಾನು ನನ್ನ ಮಗನ ಶಾಲೆಗೆ ಕೊಡುವುದೇ ತಪ್ಪಾ?

ದೊಡ್ಡಪ್ಪ: ತಪ್ಪು ಅಂದೆನಾ? ಫ್ಯಾನು ಕೊಡು. ಮೇಷ್ಟ್ರು ಎಲ್ಲರಿಗೂ ಸಿಗಲಿ.

ವೀಣಾ: ಕರಡಿನಲ್ಲೂ ಅದೇ ಇದೆ ದೊಡ್ಡಪ್ಪ. ಆಟದ ಸಾಮಾನು, ಪ್ರವಾಸ, ಕಾರ್ಯಕ್ರಮದ ಹಣ ಆಯಾ ಶಾಲೆಗೇ ಬಿಟ್ಟಿದ್ದಾರೆ. ಸಂಬಳದ ಹಣ ಮಾತ್ರ ಒಟ್ಟಿಗೆ.

1971ರಲ್ಲಿ ಸೆರಾನೊ ಕೇಸಿನಲ್ಲಿ ಇದೇ ರಾಜ್ಯದ ಕೋರ್ಟ್ ಹೇಳಿತ್ತು: ಮಗುವಿನ ಓದು ಅಪ್ಪ ಅಮ್ಮನ, ನೆರೆಹೊರೆಯವರ ಆಸ್ತಿಯ ಮೇಲೆ ನಿಲ್ಲಬಾರದು. ಕಂದಾಯದ ಹಣಕ್ಕೆ ಆ ಮಾತು ಅನ್ವಯಿಸಿ, ಪಿಟಿಎ ಚೆಕ್ಕಿಗೆ ಬೇಡ ಅಂದರೆ ಮತ್ತೆ ಅಲ್ಲಿಗೇ ಬಂದು ನಿಂತೆವು.

ಅರುಣ್: ಪೂರ್ತಿ ಒಟ್ಟಿಗೆ ಅನ್ನುವುದಕ್ಕೆ ನನ್ನ ಮನಸ್ಸು ಒಪ್ಪುತ್ತಿಲ್ಲ. ಆರೆಗಾನ್‌ನ ಪೋರ್ಟ್‌ಲ್ಯಾಂಡ್‌ನಲ್ಲಿ ಮೊದಲ 10,000 ಡಾಲರ್ ಬಿಟ್ಟು, ಉಳಿದದ್ದರಲ್ಲಿ ಮೂರನೇ ಒಂದು ಪಾಲು ಮಾತ್ರ ಬೇರೆ ಶಾಲೆಗಳಿಗೆ ಅಂತ ಇತ್ತು. ಅದು ನ್ಯಾಯ. ಕೊಟ್ಟವರಿಗೂ ಬೇಸರ ಇಲ್ಲ, ಬೇರೆಯವರಿಗೂ ಸಿಗುತ್ತದೆ.

ವೀಣಾ: ಇತ್ತು. ಎಷ್ಟೋ ವರ್ಷ ನಡೆಯಿತು. ಆಮೇಲೂ ಅಂತರ ಹೋಗಲಿಲ್ಲ ಅಂತಲೇ 2024ರಲ್ಲಿ ಅಲ್ಲಿನ ಬೋರ್ಡ್, ಶಾಲೆ ಶಾಲೆಯೂ ಪ್ರತ್ಯೇಕವಾಗಿ ಸಂಬಳಕ್ಕೆ ಹಣ ಎತ್ತುವುದನ್ನು ನಿಲ್ಲಿಸುವ ತೀರ್ಮಾನ ಮಾಡಿತು. ಮೂರರಲ್ಲಿ ಎರಡು ಪಾಲು ನಿಮ್ಮಲ್ಲೇ ಉಳಿದರೆ ನಿಮ್ಮ ಲೈಬ್ರರಿ ಐದು ದಿನ, ನಮ್ಮದು ಬಹುಶಃ ಎರಡೂವರೆ ದಿನ.

ಸಂಧ್ಯಾ: ಇವರು ಏನೇ ಅನ್ನಲಿ, ನನಗೆ ಒಂದು ಅನ್ನಿಸುತ್ತಿದೆ. ಒಟ್ಟಿಗೆ ಎತ್ತುವುದಾದರೆ ವಾಕಥಾನ್ ಕೂಡ ಎರಡೂ ಶಾಲೆ ಸೇರಿ ಮಾಡಬೇಕು. ನಿಮ್ಮ ಶಾಲೆಯವರ ಪರಿಚಯ ನಮಗಿಲ್ಲ. ಪರಿಚಯ ಇಲ್ಲದವರಿಗೆ ಕೊಡಿ ಅಂದರೆ ಯಾರಿಗೂ ಮನಸ್ಸು ಬರುವುದಿಲ್ಲ.

ವೀಣಾ: ಅತ್ತಿಗೆ, ಈ ಮಾತನ್ನು ಗುರುವಾರ ಮೈಕ್ ಮುಂದೆ ಹೇಳುತ್ತೀರಾ? ಹೆಸರು ಕೊಟ್ಟರೆ ಎಲ್ಲರಿಗೂ ಎರಡು ನಿಮಿಷ ಸಿಗುತ್ತದೆ. ನಮ್ಮ ಪಿಟಿಎ ಅಧ್ಯಕ್ಷೆ ಸ್ಪ್ಯಾನಿಷ್‌ನಲ್ಲಿ ಮಾತಾಡುತ್ತಾಳೆ, ಅನುವಾದಕರು ಬೇಕು ಅಂತ ಆಗಲೇ ಕೇಳಿದ್ದೇವೆ.

ಸಂಧ್ಯಾ: ಹೇಳುತ್ತೇನೆ. ಸಹಿ ಹಾಕಿದ್ದೇನಲ್ಲ, ಅದನ್ನೂ ವಾಪಸ್ ತೆಗೆಯುತ್ತೇನೆ.

ಅರುಣ್: ನಾನು ತೆಗೆಯುವುದಿಲ್ಲ. ಮೂರನೇ ಒಂದು ಪಾಲು ಅಂತ ತಿದ್ದುಪಡಿ ಕೇಳುತ್ತೇನೆ.

ವೀಣಾ: ಕೇಳು ಅಣ್ಣ. ನಾನು ಪೂರ್ತಿ ಅಂತಲೇ ಕೇಳುತ್ತೇನೆ. ಆರೂವರೆಗೆ ಸಭೆ, ಪಾರ್ಕಿಂಗ್ ಸಿಗುವುದಿಲ್ಲ, ಎಲ್ಲರೂ ಒಂದೇ ಕಾರಿನಲ್ಲಿ ಹೋಗೋಣ.