ವಿಟ್ಬಿ ಕಡೆ ಊಟಕ್ಕೆ ಎಲ್ಲಿ ಹೋಗೋದು?

ಪ್ರಶ್ನೆ: ಲೀಡ್ಸ್‌ನಿಂದ ಶನಿವಾರ ಇಂಗ್ಲೆಂಡಿನ ಯಾರ್ಕ್‌ಷೈರ್ ಕರಾವಳಿಯ ಊರು ವಿಟ್ಬಿಗೆ ಹೊರಟಿದ್ದೇವೆ. ನಾನು ಮೀನು ತಿನ್ನುತ್ತೇನೆ, ಅತ್ತೆ ಮೊಟ್ಟೆಯನ್ನೂ ಮುಟ್ಟಲ್ಲ. ಏನು ಮಾಡೋದು?

ಉತ್ತರ: ನಿಮಗೆ ಕರಿದ ಮೀನು ಬಂದರಿನ ಪಕ್ಕದಲ್ಲೇ ಸಿಗುತ್ತದೆ. ಹ್ಯಾಡಕ್ ಮೀನು ಕೇಳಿ, ಆ ಕಡೆಯವರಿಗೆ ಕಾಡ್ ಮೀನಿಗಿಂತ ಅದೇ ಇಷ್ಟ. ಅತ್ತೆಗೆ ಚಿಪ್ಸ್ (ಕರಿದ ಆಲೂಗಡ್ಡೆ ತುಂಡು) ಕೊಡಿಸುವ ಮೊದಲು ಮಾತ್ರ ಯಾವುದರಲ್ಲಿ ಕರಿದಿದ್ದು ಅಂತ ಕೇಳಲೇಬೇಕು. ಯಾರ್ಕ್‌ಷೈರ್‌ನ ಎಷ್ಟೋ ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲೇ ಕರಿಯುತ್ತಾರೆ. ನಮ್ಮಮ್ಮ ವಿನೆಗರ್ ಸುರಿದುಕೊಂಡು ಅರ್ಧ ಪೊಟ್ಟಣ ಮುಗಿಸಿದ ಮೇಲೆ ನಾನು ಬೋರ್ಡ್ ಓದಿದೆ. ಇವತ್ತಿಗೂ ಹೇಳಿಲ್ಲ!

ಇನ್ನೊಬ್ಬರು: ಅತ್ತೆಗೆ ಯಾವುದಾದರೂ ಕೆಫೆಯಲ್ಲಿ ಜಾಕೆಟ್ ಪೊಟೇಟೊ (ಸಿಪ್ಪೆ ಸಮೇತ ಓವನ್‌ನಲ್ಲಿ ಬೇಯಿಸಿದ ಇಡೀ ಆಲೂಗಡ್ಡೆ), ಬೀನ್ಸ್ ಕೊಡಿಸಿ. ಹೊರಗೆ ಕೂತರೆ ಸೀಗಲ್ ಹಕ್ಕಿ ಹುಷಾರು. ನನ್ನ ಕೈಯಿಂದಲೇ ಮೀನಿನ ತುಂಡು ಕಿತ್ತುಕೊಂಡು ಹೋಯಿತು.

ಪ್ರಶ್ನೆ ಕೇಳಿದವರು: ಅತ್ತೆಗೆ ಓದಿ ಹೇಳಿದೆ. ಸುಮ್ನೆ ಯಾಕೆ ರಗಳೆ, ಚಿತ್ರಾನ್ನ ಕಟ್ಟಿಕೊಂಡು ಬರ್ತೀನಿ ಅಂದರು.