ಅಂಡಾಣು, ವೀರ್ಯಾಣುಗಳಿಗೆ ವಯಸ್ಸಾಗುವ ಬಗೆ ಬೇರೆ ಬೇರೆಯೇ?

ಪ್ರಶ್ನೆ:
ನನಗೆ 36 ವರ್ಷ, ನನ್ನ ಪತಿಗೆ 43. ತಪಾಸಣೆಗೆ ಹೋದಾಗ ವೈದ್ಯರು ನನ್ನ ವಯಸ್ಸನ್ನು ಎರಡು ಸಲ ಕೇಳಿ ಬರೆದುಕೊಂಡರು. ಪತಿಯ ವಯಸ್ಸನ್ನು ಕೇಳಲೇ ಇಲ್ಲ. ವಯಸ್ಸಾದಂತೆ ಅಂಡಾಣುವಿನೊಳಗೆ ನಿಜವಾಗಿ ಏನು ಬದಲಾಗುತ್ತದೆ, ವೀರ್ಯಾಣುವಿಗೆ ವಯಸ್ಸು ತಟ್ಟುವುದೇ ಇಲ್ಲವೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಹೆಣ್ಣುಮಗು ಹುಟ್ಟುವಾಗ ಅದರ ಅಂಡಾಶಯಗಳಲ್ಲಿ 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ಋತುಮತಿಯಾಗುವ ಹೊತ್ತಿಗೆ ಉಳಿಯುವುದು ಮೂರು, ನಾಲ್ಕು ಲಕ್ಷ. ಆದರೆ ಸಂಖ್ಯೆಗಿಂತ ಮುಖ್ಯವಾದುದು ಅವು ಕಾಯುವ ಕಾಲ. ತಾಯಿಯ ಗರ್ಭದಲ್ಲಿದ್ದಾಗಲೇ ಮಿಯಾಸಿಸ್ ಎಂಬ, ಅಂಡಾಣು ಸಿದ್ಧವಾಗಲು ನಡೆಯುವ ವಿಭಜನೆಯನ್ನು ಆರಂಭಿಸಿ ಅರ್ಧಕ್ಕೇ ನಿಂತ ಈ ಕೋಶ, ಅಂಡೋತ್ಸರ್ಗ ಹತ್ತಿರವಾದಾಗಷ್ಟೇ ಮುಂದುವರಿಯುತ್ತದೆ. ಎಂದರೆ ಈ ತಿಂಗಳು ನಿಮ್ಮಲ್ಲಿ ಬಿಡುಗಡೆಯಾಗುವ ಅಂಡಾಣು 36 ವರ್ಷಗಳಿಗೂ ಹೆಚ್ಚು ಕಾಲ ಹಾಗೆಯೇ ನಿಂತಿತ್ತು. ಅಷ್ಟೂ ಕಾಲ ಅದರ ವರ್ಣತಂತುಗಳನ್ನು (ವಂಶವಾಹಿಗಳನ್ನು ಹೊತ್ತ ಎಳೆಗಳನ್ನು) ಜೊತೆಗೆ ಹಿಡಿದಿಟ್ಟದ್ದು ಉಂಗುರದಂತೆ ಸುತ್ತಿಕೊಂಡ ಕೊಹೆಸಿನ್ ಎಂಬ ಪ್ರೋಟೀನು. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಂತೆ, ಭ್ರೂಣಾವಸ್ಥೆಯಲ್ಲಿ ಬಿದ್ದ ಈ ಕಟ್ಟು ಸವೆದರೆ ಹೊಸದಾಗಿ ತುಂಬಿಕೊಳ್ಳುವುದಿಲ್ಲ. ಕಟ್ಟು ಸಡಿಲವಾದಾಗ ವರ್ಣತಂತುಗಳ ಹಂಚಿಕೆ ತಪ್ಪಿ, ಒಂದು ಹೆಚ್ಚಾಗಿಯೋ ಕಡಿಮೆಯಾಗಿಯೋ ಬಿಡುತ್ತದೆ. ಮಗುವಿನಲ್ಲಿ ಎರಡಿರಬೇಕಾದ 21ನೆಯ ವರ್ಣತಂತು ಮೂರಾದರೆ ಡೌನ್ ಸಿಂಡ್ರೋಮ್. ಇಂತಹ ತಪ್ಪುಗಳಲ್ಲಿ ಬಹುಪಾಲು ಗರ್ಭ ನಿಲ್ಲದೆಯೋ ಆರಂಭದ ವಾರಗಳ ಗರ್ಭಪಾತದಲ್ಲಿಯೋ ಕೊನೆಗೊಳ್ಳುತ್ತವೆ. ಇದು ಆ ಹೆಣ್ಣು ಮಾಡಿದ ಯಾವ ತಪ್ಪಿನ ಫಲವೂ ಅಲ್ಲ ಎಂಬುದನ್ನು ಒತ್ತಿ ಹೇಳಬಯಸುತ್ತೇನೆ.

ಉತ್ತರ 2:
ಪತಿಯ ವಯಸ್ಸನ್ನು ಕೇಳದಿದ್ದುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ವೀರ್ಯಾಣು ಹೊಸದು, ಸುಮಾರು ಎರಡೂವರೆ ತಿಂಗಳಲ್ಲಿ ತಯಾರಾಗುವಂಥದು. ಹಳೆಯದಾಗುವುದು ಅದನ್ನು ಹುಟ್ಟಿಸುವ ಮೂಲಕೋಶ. ಹರೆಯದ ನಂತರ ಅದು ವರ್ಷಕ್ಕೆ ಸುಮಾರು 23 ಬಾರಿ ವಿಭಜಿಸುತ್ತದೆಂಬ ಅಂದಾಜಿದ್ದು, ಪ್ರತಿ ಬಾರಿಯೂ ಡಿಎನ್ಎ ನಕಲಾಗುವಾಗ ತಪ್ಪು ನುಸುಳುವ ಅವಕಾಶವಿರುತ್ತದೆ. ಐಸ್‌ಲ್ಯಾಂಡಿನ ಕುಟುಂಬಗಳನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತಂದೆಯ ವಯಸ್ಸು ಒಂದು ವರ್ಷ ಹೆಚ್ಚಾದಂತೆ ಮಗುವಿನ ಡಿಎನ್ಎಯಲ್ಲಿ ಸುಮಾರು ಎರಡು ಹೊಸ ಬದಲಾವಣೆಗಳು, ಎಂದರೆ ಮ್ಯುಟೇಶನ್‌ಗಳು ಹೆಚ್ಚುತ್ತವೆ. ಇವುಗಳಲ್ಲಿ ಹೆಚ್ಚಿನವು ನಿರುಪದ್ರವಿ. ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ: ಪಕ್ವವಾದ ವೀರ್ಯಾಣು ತನ್ನ ಡಿಎನ್ಎ ಮುರಿದರೆ ತಾನೇ ಸರಿಪಡಿಸಿಕೊಳ್ಳಲಾರದು, ಫಲೀಕರಣದ ನಂತರ ಅಂಡಾಣುವೇ ಅದನ್ನು ದುರಸ್ತಿ ಮಾಡಬೇಕು. ವಯಸ್ಸಾದ ಅಂಡಾಣುವಿನಲ್ಲಿ ಆ ಶಕ್ತಿ ಕುಂದಿರುವುದರಿಂದ ಇಬ್ಬರ ವಯಸ್ಸನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ನನ್ನ ಎಎಂಎಚ್ (ಅಂಡಾಶಯದ ಒಂದು ಹಾರ್ಮೋನಿನ ರಕ್ತಪರೀಕ್ಷೆ) ವರದಿ ಚೆನ್ನಾಗಿದೆ. ಹಾಗಾದರೆ ಅಂಡಾಣುಗಳ ಗುಣಮಟ್ಟವೂ ಚೆನ್ನಾಗಿದೆ ಎಂದುಕೊಳ್ಳಬಹುದೇ?

ಉತ್ತರ 1:
ಹಾಗೆಂದುಕೊಳ್ಳಲಾಗದು. ಎಎಂಎಚ್ ತಿಳಿಸುವುದು ಉಳಿದಿರುವ ಅಂಡಾಣುಗಳ ಪ್ರಮಾಣವನ್ನು ಮಾತ್ರ. ವರ್ಣತಂತುಗಳ ಸ್ಥಿತಿಗತಿಯನ್ನು ಅಂದಾಜಿಸಲು ಇಂದಿಗೂ ವಯಸ್ಸೇ ಮುಖ್ಯ ಆಧಾರ. ಮುಂದಿನ ಭೇಟಿಯಲ್ಲಿ ಪತಿಯ ವೀರ್ಯ ಪರೀಕ್ಷೆಯನ್ನೂ ಮಾಡಿಸಬೇಕೆಂದು ನೀವೇ ಕೇಳಿ.